ಪಕ್ಷವೇ ಗುಣವಾದ ಆಟ

ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ಕಾಗದ, ಪೆನ್ಸಿಲು, ದಾಳಗಳನ್ನಿಟ್ಟುಕೊಂಡು ಕಲ್ಪಿತ ಲೋಕವೊಂದರಲ್ಲಿ ಪಾತ್ರಗಳಾಗಿ ಅಲೆಯುವ ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ಇಲ್ಲಿ ಆಟಗಾರ ತನ್ನ ಪಾತ್ರದ ಬಲ, ಬುದ್ಧಿ, ಆಯುಧಗಳ ಜೊತೆಗೆ ಅದರ ನೀತಿಯನ್ನೂ ಒಂದೆರಡು ಪದಗಳಲ್ಲಿ ಬರೆದುಕೊಳ್ಳುತ್ತಾನೆ. ಇದಕ್ಕೆ ‘ಅಲೈನ್‌ಮೆಂಟ್’ ಎಂದು ಹೆಸರು.

ಮೊದಲಿಗೆ ಇದು ನೀತಿಯ ಮಾತಿಗಿಂತ ಹೆಚ್ಚಾಗಿ ಸೈನ್ಯದ ಮಾತಾಗಿತ್ತು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ, ಯಾವ ಜೀವಿ ಯಾವ ದಂಡಿನಲ್ಲಿ ನಿಲ್ಲಬೇಕೆಂಬ ಪಟ್ಟಿಯಿತ್ತು: ವ್ಯವಸ್ಥೆಯ ಪಕ್ಷ, ಅವ್ಯವಸ್ಥೆಯ ಪಕ್ಷ, ನಡುವೆ ತಟಸ್ಥರು. ಪೋಲ್ ಆಂಡರ್ಸನ್, ಮೈಕಲ್ ಮೂರ್‌ಕಾಕ್ ಅವರ ಕಾದಂಬರಿಗಳಲ್ಲಿ ಈ ಎರಡು ಶಕ್ತಿಗಳ ಹೋರಾಟವಿದೆ. ಹೊಸ ಆಟಕ್ಕೂ ಈ ಮೂರು ಪಕ್ಷಗಳೇ ಬಂದವು. ಪ್ರತಿ ಪಕ್ಷಕ್ಕೂ ಒಂದು ಗುಪ್ತ ಭಾಷೆ ಬೇರೆ! 1979ರ ನಿಯಮಪುಸ್ತಕದ ಪ್ರಕಾರ ಪಕ್ಷ ಬದಲಿಸಿದವನಿಗೆ ಹಳೆಯ ಭಾಷೆ ಮರೆತುಹೋಗುತ್ತದೆ. ನಿಜಜೀವನದ ಪಕ್ಷಾಂತರಿಗಳಿಗೂ ಈ ಮರೆವು ಅಪರಿಚಿತವೇನಲ್ಲ.

1976ರಲ್ಲಿ ಗೈಗ್ಯಾಕ್ಸ್ ಬರೆದ ಲೇಖನವೊಂದು ವ್ಯವಸ್ಥೆ ಬೇರೆ, ಒಳಿತು ಬೇರೆ ಎಂದು ಬಿಡಿಸಿಟ್ಟಿತು. ಕಟ್ಟುನಿಟ್ಟಾಗಿ ಕಾನೂನು ನಡೆಸುವ ಕ್ರೂರ ದೊರೆ ಒಂದು ಕಡೆ. ಕಾನೂನು ಮುರಿದು ಬಡವರಿಗೆ ಹಂಚುವ ರಾಬಿನ್ ಹುಡ್ ಇನ್ನೊಂದು ಕಡೆ. ಎರಡು ಅಳತೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟಾಗ 1978ರ ಹೊತ್ತಿಗೆ ಒಂಬತ್ತು ಮನೆಗಳ ಪಟ ಸಿದ್ಧವಾಯಿತು. ಆಟಕ್ಕೆ ಇದು ದೊಡ್ಡ ಲಾಭ. ವಿಧೇಯತೆಯೇ ಸಜ್ಜನಿಕೆಯಲ್ಲ ಎಂಬುದು ಹದಿಹರೆಯದ ಆಟಗಾರನಿಗೂ ಆಡುತ್ತಲೇ ತಿಳಿಯುತ್ತದೆ.

ತೊಡಕು ಶುರುವಾದದ್ದು ಮನೆಗಳಿಂದಲ್ಲ, ತೀರ್ಪಿನಿಂದ. ಪಾತ್ರ ತನ್ನ ಮನೆ ಬಿಟ್ಟು ಸರಿಯಿತೆಂದು ಸೂತ್ರಧಾರ, ಅಂದರೆ ‘ಡಂಜನ್ ಮಾಸ್ಟರ್’, ನಿರ್ಧರಿಸಿದರೆ ಗಳಿಸಿದ ಅನುಭವದ ಒಂದು ಮೆಟ್ಟಿಲು ಇಳಿಯಬೇಕಿತ್ತು. ‘ಪ್ಯಾಲಡಿನ್’ ಎಂಬ ಧರ್ಮಯೋಧ ತಿಳಿದೂ ಕೆಟ್ಟ ಕೆಲಸ ಮಾಡಿದರೆ ಆ ಪದವಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದ. ‘ಆರ್ಕ್’ ಎಂಬ ರಾಕ್ಷಸಕುಲದ ಬಿಡಾರ ಗೆದ್ದ ಪ್ಯಾಲಡಿನ್‌ಗೆ ಮೂಲೆಯಲ್ಲಿ ಹಸುಗೂಸುಗಳು ಕಂಡವೆನ್ನಿ. ಪುಸ್ತಕದಲ್ಲಿ ಆ ಕುಲದ ಮುಂದೆ ‘ಕೆಡುಕು’ ಎಂದು ಅಚ್ಚಾಗಿದೆ. ಕೊಲ್ಲಬೇಕೆ, ಸಾಕಬೇಕೆ? ಹಳೆಯ ಸೈನ್ಯಪಟ್ಟಿಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಎದುರು ಪಾಳೆಯ, ಅಷ್ಟೆ. ಅದೇ ಪಟ್ಟಿಯನ್ನು ಗುಣವೆಂದು ಓದಿದಾಗ ಹುಟ್ಟೇ ಅಪರಾಧವಾಗುತ್ತದೆ. ಎಷ್ಟೋ ಮೇಜುಗಳಲ್ಲಿ ದಾಳ ಬದಿಗಿಟ್ಟು ವಾದ ನಡೆದದ್ದು ಇದೇ ಕಾರಣಕ್ಕೆ.

ಆ ಹಣೆಪಟ್ಟಿಯಾದರೂ ಗಟ್ಟಿಯೆ? 1977ರ ಪುಸ್ತಕದಲ್ಲಿ ಆರ್ಕ್ ವ್ಯವಸ್ಥಿತ ಕೆಡುಕಿನವನು. 2014ರಲ್ಲಿ ಅವ್ಯವಸ್ಥಿತ ಕೆಡುಕಿನವನು. ಆ ವರ್ಷದ ಆವೃತ್ತಿಯಲ್ಲಿ ಒಂಬತ್ತು ಮನೆಗಳು ಉಳಿದರೂ ದಂಡನೆ ಬಹುಮಟ್ಟಿಗೆ ಹೋಯಿತು. ಪ್ಯಾಲಡಿನ್ ಯಾವ ಮನೆಯವನೂ ಆಗಬಹುದಾಯಿತು. 2024ರ ಆಟಗಾರರ ಕೈಪಿಡಿಯಲ್ಲಿ ಆರ್ಕ್ ಮನುಷ್ಯರ ಸಾಲಿನಲ್ಲೇ ನಿಂತಿದ್ದಾನೆ. ಅವನ ನೀತಿಯ ಜಾಗ ಖಾಲಿಯಿದೆ. ಅದನ್ನು ತುಂಬುವವನು ಆಟಗಾರ.