ಹಳೆಯ ಹೊಲಿಗೆಯ ಯಂತ್ರಗಳು: ಸಂಗ್ರಹ, ದುರಸ್ತಿ, ಉಪಯೋಗ



ನಮ್ಮ ಪಟ್ಟಣಗಳ ಹಳೆಯ ಮನೆಗಳಲ್ಲಿ ಒಂದು ಮೂಲೆಯಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಂತು, ಬಟ್ಟೆಯ ಮುಸುಕು ಹೊದ್ದ ಕರಿಯ ಯಂತ್ರವೊಂದು ಇರುವುದುಂಟು. ಅದು ಅಜ್ಜಿಯ ಕಾಲದ್ದೆಂದು ಮನೆಯವರು ಹೇಳುವರು; ಆದರೆ ಅದರ ಮೇಲೆ ಹೂದಾನಿಯನ್ನೋ ಹಳೆಯ ಪತ್ರಿಕೆಗಳನ್ನೋ ಇಟ್ಟಿರುವರು. ಮನೆ ಬದಲಾಯಿಸುವ ದಿನ ಬಂದಾಗ ಅದಕ್ಕೆ ಎರಡು ಗತಿಗಳಲ್ಲಿ ಒಂದು ಕಾದಿರುತ್ತದೆ. ಹಳೆಯ ಕಬ್ಬಿಣದ ವ್ಯಾಪಾರಿಯ ತಕ್ಕಡಿಯನ್ನೇರಿ ತೂಕದ ಬೆಲೆಗೆ ಹೋಗುವುದು ಒಂದು. ಮೇಲಣ ಯಂತ್ರವನ್ನು ಕಳಚಿಹಾಕಿ, ಕೆಳಗಿನ ಕಾಲುಗಳ ಮೇಲೆ ಕಲ್ಲಿನ ಹಲಗೆ ಹಾಸಿ, ಕಾಫಿ ಕುಡಿಯುವ ಮೇಜನ್ನಾಗಿ ಮಾಡುವುದು ಮತ್ತೊಂದು. ಇವೆರಡಕ್ಕೂ ಹೊರತಾದ ಮೂರನೆಯ ಮಾರ್ಗವೊಂದುಂಟು. ಅದೆಂದರೆ, ಆ ಯಂತ್ರದಿಂದ ಮತ್ತೆ ಬಟ್ಟೆ ಹೊಲಿಯುವುದು. ಇಂದಿನ ಭಾಷಣದಲ್ಲಿ ಆ ಮಾರ್ಗವನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು.

ಹೊಲಿಗೆಯ ಯಂತ್ರವು ಯಾವನೊಬ್ಬನ ಸೃಷ್ಟಿಯೂ ಅಲ್ಲ. ಫ್ರಾನ್ಸಿನಲ್ಲಿ ಥಿಮೋನಿಯೆ ಎಂಬ ದರ್ಜಿಯು 1830ರಲ್ಲಿ ಒಂದು ಯಂತ್ರಕ್ಕೆ ಹಕ್ಕುಪತ್ರ ಪಡೆದು, ಪ್ಯಾರಿಸಿನಲ್ಲಿ ಸೈನಿಕರ ಉಡುಪು ಹೊಲಿಯುವ ಕಾರ್ಖಾನೆಯನ್ನು ತೆರೆದನು. ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಭಾವಿಸಿದ ಕೈಹೊಲಿಗೆಯ ದರ್ಜಿಗಳು 1831ರಲ್ಲಿ ಗುಂಪುಕಟ್ಟಿ ಬಂದು ಆ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕಾದಲ್ಲಿ ಎಲಿಯಾಸ್ ಹೋವ್ ಎಂಬಾತನು 1846ರಲ್ಲಿ ಎರಡು ದಾರಗಳ ಹೊಲಿಗೆಗೆ ಹಕ್ಕು ಪಡೆದನು. ಸೂಜಿಯ ಕಣ್ಣನ್ನು ಮೊನೆಯ ಬಳಿಯಲ್ಲಿಡುವುದು, ಬಟ್ಟೆಯಡಿಯಲ್ಲಿ ಸೂಜಿಯ ದಾರವು ಬಿಡುವ ಕುಣಿಕೆಯೊಳಗೆ ಎರಡನೆಯ ದಾರವನ್ನು ಹೊತ್ತ ಲಾಳಿಯೊಂದು ಹಾಯುವುದು, ಇದೇ ಆತನ ಯಂತ್ರದ ಮರ್ಮ. ಬಟ್ಟೆಯನ್ನು ಹಲ್ಲುಗಳಿಂದ ಹಿಡಿದು ಮುಂದಕ್ಕೆ ತಳ್ಳುವ ಉಪಾಯವನ್ನು ಆಲನ್ ವಿಲ್ಸನ್ ಕಂಡುಹಿಡಿದನು. 1851ರಲ್ಲಿ ಐಸಾಕ್ ಸಿಂಗರನು ನೆಟ್ಟಗೆ ಇಳಿಯುವ ಸೂಜಿ, ಬಟ್ಟೆಯನ್ನು ಒತ್ತಿಹಿಡಿಯುವ ಪಾದ ಮೊದಲಾದವುಗಳನ್ನು ಕೂಡಿಸಿ ಗಟ್ಟಿಯಾದ ಯಂತ್ರವನ್ನು ಹೊರತಂದನು. ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿ ಬೇಸತ್ತ ಈ ಕಂಪೆನಿಗಳು 1856ರಲ್ಲಿ ತಮ್ಮ ಹಕ್ಕುಗಳನ್ನು ಒಂದೆಡೆ ಕೂಡಿಸಿ ಒಪ್ಪಂದ ಮಾಡಿಕೊಂಡವು. ಅದು 1877ರವರೆಗೆ ನಡೆಯಿತು. ಅದೇ 1856ರಲ್ಲಿ ಸಿಂಗರ್ ಕಂಪೆನಿಯವರು ಕಂತುಗಳ ಮೇಲೆ ಯಂತ್ರ ಮಾರುವ ಪದ್ಧತಿಯನ್ನು ಆರಂಭಿಸಿದರು. ಒಟ್ಟಿಗೆ ಹಣ ತೆರಲಾರದ ಸಾಮಾನ್ಯ ಗೃಹಸ್ಥನ ಮನೆಗೆ ಯಂತ್ರವು ಕಾಲಿಟ್ಟುದು ಈ ಕಂತಿನ ಬಾಗಿಲಿನಿಂದಲೇ.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬಲ್ಲಿ ಈ ಕಂಪೆನಿಯ ಮಹಾ ಕಾರ್ಖಾನೆಯು 1885ರಲ್ಲಿ ಕೆಲಸಕ್ಕೆ ತೊಡಗಿತು. ನಮ್ಮ ದೇಶದ ಮನೆಗಳಲ್ಲಿ ಇಂದಿಗೂ ಕಾಣುವ ಸಿಂಗರ್ ಯಂತ್ರಗಳಲ್ಲಿ ಅನೇಕವು ಅಲ್ಲಿ ಎರಕಗೊಂಡು ಹಡಗನ್ನೇರಿ ಬಂದವುಗಳು. ಆ ಕಾರ್ಖಾನೆಯ ಹೆಸರಾಂತ ಗಡಿಯಾರದ ಗೋಪುರವನ್ನು 1963ರಲ್ಲಿ ಕೆಡವಿದರು; ಕಾರ್ಖಾನೆಯೇ 1980ರಲ್ಲಿ ಮುಚ್ಚಿಹೋಯಿತು. ಅಲ್ಲಿಯ ರೈಲ್ವೆ ನಿಲ್ದಾಣಕ್ಕೆ ಮಾತ್ರ ಇಂದಿಗೂ ಸಿಂಗರ್ ಎಂದೇ ಹೆಸರು. ಇತ್ತ 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನವರು ಉಷಾ ಎಂಬ ಹೆಸರಿನ ಸ್ವದೇಶೀ ಯಂತ್ರವನ್ನು ತಯಾರಿಸತೊಡಗಿದರು. ಯಂತ್ರನಾಗರಿಕತೆಯನ್ನು ಕಟುವಾಗಿ ವಿಮರ್ಶಿಸುತ್ತಿದ್ದ ಗಾಂಧೀಜಿಯವರು ಕೂಡ, 1924ರಲ್ಲಿ ಯಂತ್ರಗಳ ವಿಚಾರವಾಗಿ ಪ್ರಶ್ನೆ ಬಂದಾಗ, ಸಿಂಗರನ ಹೊಲಿಗೆಯ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರೆಂಬುದು ಸ್ಮರಣೀಯ. ಮನುಷ್ಯನನ್ನು ತಳ್ಳಿ ತಾನು ನಿಲ್ಲುವ ಯಂತ್ರ ಅದಲ್ಲ, ಕೈಯ ಆಯಾಸವನ್ನು ತಗ್ಗಿಸುವ ಯಂತ್ರವೆಂಬುದೇ ಅವರ ಅಭಿಪ್ರಾಯದ ತಿರುಳು.

ಇಷ್ಟು ಚರಿತ್ರೆಯನ್ನು ಹೇಳಿದುದಕ್ಕೆ ಕಾರಣವುಂಟು. ಸಂಗ್ರಹಕ್ಕೆ ತೊಡಗುವವರಲ್ಲಿ ಅನೇಕರು, ಹಳೆಯದಾದ ಮಾತ್ರಕ್ಕೆ ವಸ್ತುವು ದುರ್ಲಭವಾದುದೆಂದೂ ಬಹು ಬೆಲೆಯುಳ್ಳದ್ದೆಂದೂ ಎಣಿಸುವರು. ಆದರೆ ಈ ಯಂತ್ರಗಳು ಲಕ್ಷಗಟ್ಟಲೆ ತಯಾರಾಗಿ ದೇಶದೇಶಗಳಿಗೂ ಹರಡಿದವು. ಆದಕಾರಣ ನೂರು ವರ್ಷದ ಯಂತ್ರವು ಸಾಮಾನ್ಯವಾಗಿ ರತ್ನವೂ ಅಲ್ಲ, ನಿಧಿಯೂ ಅಲ್ಲ. ಅದರ ನಿಜವಾದ ಬೆಲೆಯೆಂದರೆ, ನೂರು ವರ್ಷಗಳ ಮೇಲೂ ಅದು ಹೊಲಿಯಬಲ್ಲುದೆಂಬುದು. ಎರಕದ ಕಬ್ಬಿಣ, ಉಕ್ಕು, ಸ್ವಲ್ಪ ಮರ, ಒಂದು ಚರ್ಮದ ಪಟ್ಟಿ: ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುವಂಥವು, ಕೈಗೆ ಸಿಕ್ಕುವಂಥವು.

ಇನ್ನು ಯಂತ್ರವನ್ನು ಆರಿಸುವ ಬಗೆ. ಸಿಂಗರ್ ಯಂತ್ರದ ಅಡಿಹಲಗೆಯ ಮೇಲೆ ಒಂದು ಸಂಖ್ಯೆಯಿರುತ್ತದೆ. 1900ಕ್ಕೆ ಮುಂಚಿನವುಗಳಲ್ಲಿ ಬರಿಯ ಅಂಕೆಗಳು. ಅನಂತರದವುಗಳಲ್ಲಿ ಅಂಕೆಗಳ ಮುಂದೆ ಅಕ್ಷರವೂ ಉಂಟು. ಎಫ್ ಅಥವಾ ವೈ ಎಂದಿದ್ದರೆ ಕ್ಲೈಡ್‌ಬ್ಯಾಂಕಿನದು, ಜಿ ಎಂದಿದ್ದರೆ ಅಮೆರಿಕಾದ ನ್ಯೂಜರ್ಸಿ ಪ್ರಾಂತದ ಎಲಿಜಬೆತ್ ಪಟ್ಟಣದ್ದು. ಆದರೆ ಹುಟ್ಟಿದ ಊರಿಗಿಂತಲೂ ಮುಖ್ಯವಾಗಿ ನೋಡಬೇಕಾದುದು ಲಾಳಿಯನ್ನು. ಸೂಜಿಯ ಬಳಿಯ ಜಾರುತಗಡನ್ನು ಎಳೆದು ನೋಡಿದರೆ, ಕೆಲವದರಲ್ಲಿ ದೋಣಿಯಾಕಾರದ ಉಕ್ಕಿನ ಲಾಳಿಯೂ ಅದರೊಳಗೆ ಉದ್ದನೆಯ ಕಡ್ಡಿಯಂಥ ಬಾಬಿನ್ನೂ ಇರುವುವು. ಸಿಂಗರಿನ 27 ಮತ್ತು 28ನೆಯ ನಮೂನೆಗಳು ಈ ಜಾತಿಯವು. 15ನೆಯ ನಮೂನೆಯಲ್ಲಿ ದುಂಡನೆಯ ಬಾಬಿನ್ನು; ಇಂದಿನ ದರ್ಜಿಗಳ ಕಪ್ಪು ಯಂತ್ರಗಳಲ್ಲಿ ಬಹುಪಾಲು ಇದರ ವಂಶದವೇ ಆಗಿರುವುದರಿಂದ ಇದರ ಬಿಡಿಭಾಗಗಳು ಯಾವ ಪೇಟೆಯಲ್ಲಾದರೂ ದೊರೆಯುವುವು. ಇವೆಲ್ಲಕ್ಕೂ ಇಂದು ಅಂಗಡಿಯಲ್ಲಿ ಮಾರುವ ಸಾಮಾನ್ಯ ಸೂಜಿಯೇ ಸಾಕು. ಆದರೆ ಇವುಗಳಿಗಿಂತ ಹಿಂದಿನ 12ನೆಯ ನಮೂನೆಗೆ ಬೇರೆಯೇ ಸೂಜಿ ಬೇಕು. ಅದು ಸಿಕ್ಕುವುದು ಪ್ರಯಾಸ. ಲಾಳಿ ಕಳೆದುಹೋಗಿದ್ದರೆ, ಸೂಜಿ ದೊರೆಯದಿದ್ದರೆ, ಆ ಯಂತ್ರ ಎಷ್ಟೇ ಸೊಗಸಾಗಿದ್ದರೂ ಮೊದಲ ಬಾರಿ ಕೊಳ್ಳುವವರು ಅದನ್ನು ಬಿಡುವುದೇ ಲೇಸು.

ಚಕ್ರವು ತಿರುಗದೆ ಬಿಗಿದುಕೊಂಡಿದ್ದರೆ ಎದೆಗುಂದಬೇಕಾಗಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಮುರಿದದ್ದಲ್ಲ, ಎಣ್ಣೆ ಅಂಟಾದದ್ದು. ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕ ತೆಂಗಿನೆಣ್ಣೆಯನ್ನೋ ಹರಳೆಣ್ಣೆಯನ್ನೋ ಯಂತ್ರಕ್ಕೆ ಬಿಡುವ ಪರಿಪಾಠವುಂಟು. ಕಾಲಾಂತರದಲ್ಲಿ ಅದು ಒಣಗಿ ಗೋಂದಿನಂತೆ ಗಟ್ಟಿಯಾಗುತ್ತದೆ. ಲೋಹಗಳು ಒಂದಕ್ಕೊಂದು ತಾಗುವ ಪ್ರತಿಯೊಂದು ಸಂಧಿಗೂ ಒಂದೆರಡು ಹನಿ ಸೀಮೆಎಣ್ಣೆಯನ್ನು ಬಿಟ್ಟು, ಒಂದು ರಾತ್ರಿ ಸುಮ್ಮನಿದ್ದು, ಮರುದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲುಗಿಸಬೇಕು. ಬಲಪ್ರಯೋಗ ಸಲ್ಲದು. ಒಂದು ದಿನಕ್ಕೆ ಬಿಡದಿದ್ದರೆ ನಾಲ್ಕು ದಿನಕ್ಕೆ ಬಿಟ್ಟೀತು. ಬಿಟ್ಟ ಬಳಿಕ ಕೊಳೆಯನ್ನೆಲ್ಲ ಒರಸಿ ತೆಗೆದು, ಹೊಲಿಗೆ ಯಂತ್ರಕ್ಕೆಂದೇ ಮಾರುವ ತಿಳಿಯಾದ ಖನಿಜ ತೈಲವನ್ನು ಹಾಕಬೇಕು. ಸೀಮೆಎಣ್ಣೆಯು ಕೊಳೆ ಬಿಡಿಸುವುದೇ ಹೊರತು ಸವೆತವನ್ನು ತಡೆಯದು. ಬಟ್ಟೆಯನ್ನು ತಳ್ಳುವ ಹಲ್ಲುಗಳ ಅಡಿಯಲ್ಲಿಯೂ ದಾರದ ಬಿಗಿಯನ್ನು ನಿಯಂತ್ರಿಸುವ ಬಿಲ್ಲೆಗಳ ನಡುವೆಯೂ ಸೇರಿಕೊಂಡ ನೂಲಿನ ಹೊಟ್ಟನ್ನು ತೆಗೆಯಲು ಮರೆಯಬಾರದು.

ಮೈಯನ್ನು ಶುಚಿಮಾಡುವುದರಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಕರಿಯ ಬಣ್ಣದ ಮೇಲೆ ಚಿನ್ನದ ಬಳ್ಳಿಗಳು, ಕೆಲವು ಯಂತ್ರಗಳಲ್ಲಿ ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹ, ಇವನ್ನು ನೀವು ಕಂಡಿರಬಹುದು. ಹಳೆಯ ಯಂತ್ರಗಳಲ್ಲಿ ಅನೇಕದರ ಮೇಲೆ ಈ ಚಿತ್ರಗಳನ್ನು ಕಾಪಾಡಲು ಅರಗಿನ ತೆಳುವಾದ ಮೆರುಗನ್ನು ಕೊಟ್ಟಿರುತ್ತಾರೆ. ಅರಗಾದರೋ ನಮ್ಮ ದೇಶದ ಮರಗಳ ಮೇಲೆ ಹುಳುಗಳು ಸ್ರವಿಸುವ ಪದಾರ್ಥ. ಛೋಟಾನಾಗಪುರದ ಕಾಡುಗಳು ಅದರ ಪ್ರಸಿದ್ಧವಾದ ತವರು. ಈ ಮೆರುಗು ಮದ್ಯಸಾರದಲ್ಲಿ ಕರಗುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒಂದು ಬಾರಿ ಬಲವಾಗಿ ಉಜ್ಜಿದರೆ, ನೂರು ವರ್ಷ ಬಾಳಿದ ಬಳ್ಳಿಗಳು ಒಂದು ನಿಮಿಷದಲ್ಲಿ ಬಟ್ಟೆಗೆ ಬಂದುಬಿಡುವುವು. ಯಂತ್ರದ ಎಣ್ಣೆಯನ್ನೇ ಮೆತ್ತನೆಯ ಬಟ್ಟೆಗೆ ಹಚ್ಚಿ ತಾಳ್ಮೆಯಿಂದ ಒರಸುವುದೇ ಸುರಕ್ಷಿತವಾದ ಉಪಾಯ. ಹೊಸ ಬಣ್ಣ ಬಳಿಸಬೇಕೆಂಬ ಆಸೆಯನ್ನು ನಾವು ಪ್ರೋತ್ಸಾಹಿಸಲಾರೆವು. ಸೆರಗು ತಾಗಿ ತಾಗಿ ಚಿನ್ನ ಅಳಿಸಿಹೋದ ಜಾಗವು ಒಂದು ಊನವಲ್ಲ. ಒಬ್ಬ ಗೃಹಿಣಿ ಅಲ್ಲಿ ಎಷ್ಟು ವರ್ಷ ಕುಳಿತಿದ್ದಳೆಂಬುದರ ಲಿಖಿತ ಅದು.

ಯಂತ್ರ ತಿರುಗಿದರೂ ಹೊಲಿಗೆ ಬೀಳುವುದಿಲ್ಲವೆಂದು ದೂರುವವರು ಮೊದಲು ಸೂಜಿಯನ್ನು ನೋಡಬೇಕು. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಗೀರೊಂದಿರುತ್ತದೆ. ದಾರವು ಯಾವ ಬದಿಯಿಂದ ಕಣ್ಣಿಗೆ ಪ್ರವೇಶಿಸುವುದೋ ಆ ಬದಿಗೆ ಈ ಗೀರು ಇರತಕ್ಕದ್ದು. ಇದೊಂದು ತಪ್ಪಿದರೆ ಯಂತ್ರವು ನಿರ್ದುಷ್ಟವಾಗಿದ್ದರೂ ಹೊಲಿಯದು. ಅನಂತರ ದಾರದ ಬಿಗಿ. ಮೇಲಣ ದಾರವೂ ಕೆಳಗಣ ದಾರವೂ ಬಟ್ಟೆಯ ಮಧ್ಯದಲ್ಲಿ ಹೆಣೆದುಕೊಂಡು ಎರಡು ಬದಿಗಳೂ ಒಂದೇ ಬಗೆಯಾಗಿ ಕಂಡರೆ ಸರಿ. ಕೆಳದಾರದ ಕುಣಿಕೆಗಳು ಮೇಲೆ ಕಂಡರೆ ಮೇಲಣ ಬಿಗಿ ಹೆಚ್ಚು, ಮೇಲುದಾರದ ಕುಣಿಕೆಗಳು ಅಡಿಯಲ್ಲಿ ಕಂಡರೆ ಅದು ಕಡಮೆ.

ಈಗ ಯಂತ್ರದ ಜೊತೆಯ ಸಲಕರಣೆಗಳ ಮಾತು. ಹಳೆಯ ಯಂತ್ರಗಳ ಜೊತೆಗೆ ಒಂದು ಚಿಕ್ಕ ಪೆಟ್ಟಿಗೆ ಬರುತ್ತಿತ್ತು. 1889ರಲ್ಲಿ ಹಕ್ಕು ಪಡೆದ ಸಿಂಗರ್ ಪೆಟ್ಟಿಗೆಯಂತೂ ಮಡಿಚಿದರೆ ಒಂದು ಮರದ ತುಂಡು, ಬಿಚ್ಚಿದರೆ ಮಖಮಲ್ಲಿನ ಹಾಸಿನ ಮೇಲೆ ತನ್ನ ತನ್ನ ಗೂಡಿನಲ್ಲಿ ಕುಳಿತ ಹತ್ತಾರು ಉಕ್ಕಿನ ಉಪಕರಣಗಳು. ಸಂಗ್ರಾಹಕರು ಇದನ್ನು ಒಗಟಿನ ಪೆಟ್ಟಿಗೆಯೆಂದು ಕರೆಯುವರು. ನಮ್ಮ ಮನೆಗಳಲ್ಲಿ ಯಂತ್ರ ಉಳಿದರೂ ಈ ಪೆಟ್ಟಿಗೆ ಉಳಿಯುವುದು ವಿರಳ. ಉಪಯೋಗ ತಿಳಿಯದ ತುಣುಕುಗಳೆಂದು ಎಸೆದುಬಿಡುವರು. ಆದುದರಿಂದ ಅವುಗಳ ಉಪಯೋಗವನ್ನು ಹೇಳುವುದು ಅಗತ್ಯ.

ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ತಗಡುಳ್ಳದ್ದು ಅಂಚು ಮಡಿಸುವ ಪಾದ. ಬಟ್ಟೆಯ ಅಂಚು ಅದರೊಳಗೆ ಹಾಯುವಾಗ ತಾನಾಗಿ ಎರಡು ಮಡಿಕೆಯಾಗಿ ಸುರುಳಿಗೊಂಡು ಸೂಜಿಯಡಿಗೆ ಬರುತ್ತದೆ. ಆಲಿಕೆಯಂತಿರುವುದು ಪಟ್ಟಿ ಕಟ್ಟುವ ಉಪಕರಣ. ಓರೆಯಾಗಿ ಕತ್ತರಿಸಿದ ಪಟ್ಟಿಯನ್ನು ಅದರೊಳಗೆ ತೂರಿಸಿದರೆ ಬಟ್ಟೆಯ ಅಂಚನ್ನು ಎರಡು ಬದಿಯಿಂದಲೂ ಅಪ್ಪಿಹಿಡಿಯುತ್ತದೆ. ಮತ್ತೊಂದು, ಒಂದು ಮಡಿಕೆಯನ್ನು ಹೊಲಿಯುತ್ತಿರುವಾಗಲೇ ಮುಂದಿನ ಮಡಿಕೆಯ ಸ್ಥಾನಕ್ಕೆ ಗೆರೆಯೊತ್ತಿ ಗುರುತಿಡುತ್ತದೆ. ಎಲ್ಲಕ್ಕಿಂತ ಚಮತ್ಕಾರವಾದುದು ನೆರಿಗೆ ಹಾಕುವ ರಫ್ಲರ್. ಅದರ ಕವಲುಗೋಲು ಸೂಜಿಯನ್ನು ಹಿಡಿದ ತಿರುಪಿಗೆ ಸಿಕ್ಕಿಕೊಂಡು, ಸೂಜಿ ಏರಿಳಿದಂತೆಲ್ಲ ಒಂದು ಅಲಗನ್ನು ಮುಂದೂಡಿ ಬಟ್ಟೆಯನ್ನು ನೆರಿಗೆಗೊಳಿಸುತ್ತದೆ. ಕೆಲವದರಲ್ಲಿ ಪ್ರತಿ ಹೊಲಿಗೆಗೊಂದು, ಆರು ಹೊಲಿಗೆಗೊಂದು, ಹನ್ನೆರಡು ಹೊಲಿಗೆಗೊಂದು ನೆರಿಗೆ ಬೀಳುವಂತೆ ಗುರುತುಗಳಿರುವುವು. ಎರಡನೆಯ ಮಹಾಯುದ್ಧದ ತರುವಾಯ ಮನೆಮನೆಗೂ ಹೋದ ಕಾಜ ಹೊಲಿಯುವ ಉಪಕರಣವು ಲೋಹದ ಅಚ್ಚನ್ನು ಅನುಸರಿಸಿ ಬಟ್ಟೆಯನ್ನೇ ಎಡಕ್ಕೂ ಬಲಕ್ಕೂ ತೂಗುತ್ತದೆ. ನೇರವಾದ ಹೊಲಿಗೆಯೊಂದನ್ನೇ ಬಲ್ಲ ಯಂತ್ರವೂ ಇದರ ಸಹಾಯದಿಂದ ಅಂಗಿಯ ಗುಂಡಿಗೆ ಅಚ್ಚುಕಟ್ಟಾದ ಕಾಜವನ್ನು ಮಾಡಬಲ್ಲುದು. ಯಾವ ಉಪಕರಣವನ್ನು ತೊಡಿಸಿದರೂ, ಮೊದಲು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಸೂಜಿ ಎಲ್ಲಿಯೂ ತಾಗುವುದಿಲ್ಲವೆಂದು ನಿಶ್ಚಯಿಸಿಕೊಂಡೇ ಹೊಲಿಯತಕ್ಕದ್ದು.

ಹಳೆಯ ಯಂತ್ರವು ಎಲ್ಲವನ್ನೂ ಮಾಡೀತೆಂದು ನಾವು ಹೇಳುವುದಿಲ್ಲ. ಹಿಗ್ಗುವ ಹೆಣಿಗೆಯ ಬಟ್ಟೆಗೆ ಅದರ ನೇರ ಹೊಲಿಗೆ ಒಪ್ಪದು. ಎಳೆದರೆ ದಾರ ಕಡಿಯುತ್ತದೆ. ಆದರೆ ಹತ್ತಿಯ ಬಟ್ಟೆ, ರವಿಕೆ, ಲಂಗ, ದಿಂಬಿನ ಗವಸು, ದಪ್ಪನೆಯ ಕೈಚೀಲ, ಇವಕ್ಕೆ ಅದು ಇಂದಿಗೂ ಸಮರ್ಥವೇ. ವಿದ್ಯುಚ್ಛಕ್ತಿ ಬೇಕಿಲ್ಲ. ಕೈಯಂತ್ರದ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸುಮಾರು ಮೂರು ಹೊಲಿಗೆಗಳು ಬೀಳುವುವು. ಕಲಿಯುವ ಮಕ್ಕಳಿಗೆ ಈ ನಿಧಾನವೇ ಅನುಕೂಲ.

ಕೊನೆಯದಾಗಿ ಸಂಗ್ರಾಹಕರಿಗೆ ಒಂದು ಮಾತು. ಮೂವತ್ತು ಯಂತ್ರಗಳನ್ನು ಗಾಜಿನ ಹಿಂದೆ ಸಾಲಾಗಿ ನಿಲ್ಲಿಸುವುದರಿಂದ ಕಣ್ಣಿಗೆ ಹಬ್ಬವಾದೀತು. ಆದರೆ ಒಂದು ಯಂತ್ರದ ಅಭಾವದಿಂದ ಜೀವನೋಪಾಯವಿಲ್ಲದೆ ಕುಳಿತ ಹೆಣ್ಣುಮಗಳು ಅದೇ ಬೀದಿಯಲ್ಲಿರಬಹುದು. ಇಂಗ್ಲೆಂಡಿನಲ್ಲಿ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸಂಸ್ಥೆಯವರು ಜನರು ಬಿಟ್ಟ ಹಳೆಯ ಉಪಕರಣಗಳನ್ನೂ ಹೊಲಿಗೆಯ ಯಂತ್ರಗಳನ್ನೂ ದುರಸ್ತಿಮಾಡಿ ಆಫ್ರಿಕಾದ ಕಸುಬುದಾರರಿಗೆ ಕಳುಹಿಸಿರುವರು. ನಮ್ಮಲ್ಲಿ ಅಷ್ಟು ದೂರ ಕಳುಹಿಸುವ ಅಗತ್ಯವೇ ಇಲ್ಲ. ಚರಿತ್ರೆಯ ಗುರುತಾಗಿ ಒಂದೆರಡನ್ನು ಇಟ್ಟುಕೊಂಡು, ಮಿಕ್ಕವನ್ನು ಸರಿಪಡಿಸಿ, ಜೊತೆಗೆ ಆ ಚಿಕ್ಕ ಪೆಟ್ಟಿಗೆಯನ್ನೂ ಅದರ ವಿದ್ಯೆಯನ್ನೂ ಸೇರಿಸಿ, ಹೊಲಿಯುವ ಕೈಗಳಿಗೆ ಒಪ್ಪಿಸಿದರೆ ಸಂಗ್ರಹವು ಸಾರ್ಥಕವಾಗುತ್ತದೆ. ಸುಮ್ಮನೆ ನಿಂತ ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ; ನಡೆಯುತ್ತಿರುವ ಯಂತ್ರಕ್ಕೆ ಎಣ್ಣೆ ಬೀಳುತ್ತದೆ. ಆದುದರಿಂದ ನಿಮ್ಮ ಮನೆಯ ಮೂಲೆಯಲ್ಲಿ ಅಂಥದೊಂದು ಇದ್ದರೆ, ಈ ವಾರ ಮುಸುಕನ್ನು ತೆಗೆದು, ಜಾರುತಗಡನ್ನು ಎಳೆದು, ಒಳಗೆ ಲಾಳಿಯಿದೆಯೇ ಎಂದು ನೋಡಿರಿ. ಇದ್ದರೆ ಕೆಲಸದ ಅರ್ಧ ಆದಂತೆಯೇ.