ಮಾತು ಜಾಸ್ತಿಯಾಯಿತೆಂದು ಹೊರಬಿದ್ದ ಇಬ್ಬರು

ಆಫೀಸಿನಲ್ಲಿ ‘ಎಂಗೇಜ್‌ಮೆಂಟ್ ಸರ್ವೆ’ ನಡೀತಿದೆ ಎಂದು ಮಗ ಮನೆಯಲ್ಲಿ ಹೇಳಿದರೆ, ‘ಯಾರದ್ದಪ್ಪ ನಿಶ್ಚಿತಾರ್ಥ?’ ಎಂದು ಅಜ್ಜಿ ಕೇಳುವುದು ಸಹಜವೇ. ಕೆಲಸದಲ್ಲಿ ಮನಸ್ಸು ಎಷ್ಟು ಬೆರೆತಿದೆ ಎಂಬುದಕ್ಕೆ ಈ ಪದ ತಂದವರು ಅಮೆರಿಕದ ವಿಲಿಯಂ ಕಾನ್, 1990ರಲ್ಲಿ. ಪದ ಹೊಸದು, ಹುಡುಕಾಟ ಹಳೆಯದು. ಅದು ಶುರುವಾದದ್ದು ಬಲ್ಬಿನಿಂದ ಎಂದರೆ ಕೇಳುಗರು ನಂಬಲಿಕ್ಕಿಲ್ಲ.

ಷಿಕಾಗೋ ಪಕ್ಕದ ಸಿಸೆರೋದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಟೆಲಿಫೋನಿನ ಸಾಮಾನು ತಯಾರಾಗುವ ದೊಡ್ಡ ಊರಿನಂಥ ಜಾಗ. ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುತ್ತದೆಯೇ ಎಂದು 1924ರಲ್ಲಿ ಅಲ್ಲಿ ಪರೀಕ್ಷೆ ಶುರುವಾಯಿತು. ಬೆಳಕು ಏರಿಸಿದರೂ ಲೆಕ್ಕ ಕೂಡಿಬರಲಿಲ್ಲ, ಇಳಿಸಿದರೂ ಕೂಡಿಬರಲಿಲ್ಲ. ಒಂದು ಹಂತದಲ್ಲಿ ಇಬ್ಬರು ಹೆಣ್ಣುಮಕ್ಕಳ ಮುಂದಿನ ದೀಪವನ್ನು ಬೆಳದಿಂಗಳಷ್ಟು ಮಂಕಾಗಿಸಿದರು. ಅವರ ಕೈ ನಿಧಾನವಾಗಲೇ ಇಲ್ಲ!

ಎಂಜಿನಿಯರುಗಳು ತಲೆ ಕೆರೆದುಕೊಂಡರು. 1927ರಲ್ಲಿ ಬೇರೆಯೇ ಕೋಣೆ ಮಾಡಿ, ಒಂದು ಉದ್ದ ಬೆಂಚಿಗೆ ಐವರು ಯುವತಿಯರನ್ನು ಕೂರಿಸಿದರು; ಬಿಡಿಭಾಗ ಹೊಂದಿಸಿಕೊಡಲು ಆರನೆಯವಳು. ಸುಮಾರು ಮೂವತ್ತೈದು ತುಣುಕು ಜೋಡಿಸಿದರೆ ಒಂದು ರಿಲೇ, ಅಂದರೆ ಟೆಲಿಫೋನಿನ ವಿದ್ಯುತ್ ಸ್ವಿಚ್ಚು. ಅದಕ್ಕೆ ಹಿಡಿಯುವುದು ಹೆಚ್ಚುಕಡಿಮೆ ಒಂದು ನಿಮಿಷ. ಮುಗಿದದ್ದನ್ನು ಎದುರಿನ ಕಿಂಡಿಗೆ ಹಾಕಿದ ಕೂಡಲೇ ಕಾಗದದ ಪಟ್ಟಿಯ ಮೇಲೆ ತೂತು ಬೀಳುತ್ತಿತ್ತು, ಲೆಕ್ಕ ತಪ್ಪುವ ಮಾತೇ ಇಲ್ಲ. ಪಕ್ಕದಲ್ಲೇ ಕೂತವನೊಬ್ಬ ಅವರ ಹರಟೆಯನ್ನೂ ಬರೆದುಕೊಳ್ಳುತ್ತಿದ್ದ.

ನಡುವೆ ವಿರಾಮ ಕೊಟ್ಟರು, ತಿಂಡಿ ಕೊಟ್ಟರು, ಅರ್ಧ ಗಂಟೆ ಮುಂಚೆ ಮನೆಗೆ ಕಳಿಸಿದರು. ಉತ್ಪಾದನೆ ಏರುತ್ತ ಹೋಯಿತು. 1928ರಲ್ಲಿ ಹನ್ನೆರಡು ವಾರ ಇವೆಲ್ಲವನ್ನೂ ಕಿತ್ತುಕೊಂಡು ಹಳೆಯ ನಲವತ್ತೆಂಟು ಗಂಟೆಯ ವಾರಕ್ಕೇ ಮರಳಿದರು. ವಾರದ ಒಟ್ಟು ಲೆಕ್ಕ ಆಗಲೂ ಬೀಳಲಿಲ್ಲ; ಹಿಂದಿನ ಎಲ್ಲವನ್ನೂ ಮೀರಿತು. ಅದೇ ವರ್ಷ ಹಾರ್ವರ್ಡ್‌ನಿಂದ ಎಲ್ಟನ್ ಮೇಯೋ ಬಂದರು. ತಮ್ಮನ್ನು ಯಾರೋ ಲಕ್ಷ್ಯಕ್ಕೆ ತೆಗೆದುಕೊಂಡರು, ತಾವೊಂದು ತಂಡವಾದೆವು ಎಂಬ ಭಾವವೇ ಇದರ ಗುಟ್ಟು ಎಂದು ಸಾರಿದರು. ಮ್ಯಾನೇಜ್‌ಮೆಂಟ್ ಪಾಠಪುಸ್ತಕಗಳು ಇಂದಿಗೂ ಹಾಡುವುದು ಇದೇ ಹಾಡನ್ನು.

ಆದರೆ ಅದೇ ಪುಸ್ತಕಗಳು ಅವಸರದಲ್ಲಿ ದಾಟಿಬಿಡುವ ಒಂದು ಸಂಗತಿಯಿದೆ. 1928ರ ಜನವರಿಯಲ್ಲಿ ಆ ಐವರಲ್ಲಿ ಇಬ್ಬರನ್ನು ಕೋಣೆಯಿಂದ ತೆಗೆದುಹಾಕಿದರು. ಅವರ ಮೇಲಿದ್ದ ಮುಖ್ಯ ದೂರು: ಮಾತು ಜಾಸ್ತಿ! ಮಾನವ ಸಂಬಂಧಗಳ ಮಹಾಪ್ರಯೋಗವೆಂದು ಹೆಸರಾದ ಕೋಣೆಯಲ್ಲಿ ಮಾತಾಡಿದ್ದೇ ತಪ್ಪಾಯಿತು. ಬದಲಿಗೆ ಬಂದ ಇಬ್ಬರು ಚುರುಕಿನವರು. ಅವರಲ್ಲೊಬ್ಬಳು ಬರಬರುತ್ತ ಇಡೀ ಬೆಂಚಿಗೆ ಯಜಮಾನಿಯಂತಾದಳು. ಇನ್ನೊಂದೂ ಇದೆ. ಹೊರಗೆ ನೂರು ಜನರ ಗುಂಪಿನ ಲೆಕ್ಕದಲ್ಲಿ ಬರುತ್ತಿದ್ದ ಬೋನಸ್ಸು, ಒಳಗೆ ಈ ಐವರ ದುಡಿಮೆಗೇ ನೇರವಾಗಿ ಸಿಗುತ್ತಿತ್ತು. ಹೆಚ್ಚು ದುಡಿದರೆ ತನ್ನ ಕೈಗೇ ಹೆಚ್ಚು ಕಾಸು. ಬರೀ ಅಕ್ಕರೆಯಿಂದ ರಿಲೇ ಹೆಚ್ಚಿತು ಎನ್ನುವವರು ಆ ಸಂಬಳದ ಕವರನ್ನೂ ಒಮ್ಮೆ ಬಿಚ್ಚಿ ನೋಡಬೇಕಿತ್ತು.

ಹಾಗೆಂದು ಹಾಥಾರ್ನ್ ಪೂರ್ತಿ ಪೊಳ್ಳಲ್ಲ. 1928ರಿಂದ ಎರಡು ವರ್ಷ ಅಲ್ಲಿ ಸುಮಾರು 21,000 ಕೆಲಸಗಾರರನ್ನು ಮಾತಾಡಿಸಿದರು. ಮೊದಲು ಕೈಯಲ್ಲಿ ಪ್ರಶ್ನೆಪಟ್ಟಿ ಇತ್ತು. ಜನ ಅದನ್ನು ಬದಿಗೆ ಸರಿಸಿ, ತಮಗೆ ಬೇಕಾದದ್ದನ್ನೇ ಹೇಳಿಕೊಳ್ಳತೊಡಗಿದರು. ಆಗ ಪಟ್ಟಿ ಬಿಟ್ಟು ಸುಮ್ಮನೆ ಕೇಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಅರ್ಧ ಗಂಟೆಯ ಭೇಟಿ ಒಂದೂವರೆ ಗಂಟೆಗೆ ಬೆಳೆಯಿತು. ಆರ್ಥಿಕ ಕುಸಿತ ಬಂದು ಆ ಕೆಲಸ ನಿಂತಿತು. ಮೊದಲ ಬೆಂಚಿನ ಹುಡುಗಿಯರೂ ಕೆಲಸ ಕಳೆದುಕೊಂಡರು.

ಆಮೇಲೆ ಅಲ್ಲೇ ಗಂಡಸರನ್ನು ಕೂರಿಸಿ ನೋಡಿದ ಇನ್ನೊಂದು ಕೋಣೆಯದು ಬೇರೆಯೇ ಕಥೆ. ಹದಿನಾಲ್ಕು ಜನ, ಅತಿ ವೇಗವಾಗಿ ದುಡಿದವನ ತೋಳಿಗೆ ಪಕ್ಕದವನೇ ಒಂದು ಗುದ್ದು. ಲೆಕ್ಕ ಹೆಚ್ಚಿದರೆ ಕಂಪನಿ ದರ ಇಳಿಸೀತು ಎಂಬ ಭಯ ಅವರದು. ಮೇಲಿನವರ ಮೇಲೆ ನಂಬಿಕೆಯಿಲ್ಲದ ಕಡೆ ಸಿಬ್ಬಂದಿಯೇ ತಮ್ಮ ಕಾನೂನು ಬರೆದುಕೊಳ್ಳುತ್ತಾರೆ.

ಕೇಳಿಸಿಕೊಳ್ಳುವ ಕೆಲಸ 1936ರಲ್ಲಿ ಮತ್ತೆ ಶುರುವಾಯಿತು, ಈ ಸಲ ಕಾಯಂ ಸಲಹೆಗಾರರೊಂದಿಗೆ. ಒಂದೇ ಷರತ್ತು: ಅವರು ಯಾರ ಅಹವಾಲನ್ನೂ ಮೇಲಕ್ಕೆ ಒಯ್ಯುವಂತಿಲ್ಲ, ಏನನ್ನೂ ಬದಲಿಸುವಂತಿಲ್ಲ. ಕೇಳಬೇಕು, ತಲೆಯಾಡಿಸಬೇಕು. ಹೀಗೆ ಇಪ್ಪತ್ತು ವರ್ಷ ನಡೆದು 1956ರಲ್ಲಿ ಅದೂ ಮುಗಿಯಿತು. ಕಾರ್ಖಾನೆ 1983ರಲ್ಲಿ ಮುಚ್ಚಿತು.

ಈ ಸಲ ಸರ್ವೆಯ ಫಾರಂ ಬಂದಾಗ ತುಂಬುವ ಮುಂಚೆ, ಹೋದ ವರ್ಷದ ಉತ್ತರಗಳು ಏನಾದವು ಎಂದು ಎಚ್‌ಆರ್‌ನವರನ್ನು ಒಮ್ಮೆ ಕೇಳಿ ನೋಡಿ.