ಸಾಲವಿಲ್ಲದ ಮನೆಯೇ ಸಂಪತ್ತು



ಮದುವೆಯ ಊಟ ಒಂದೇ ದಿನದ್ದು. ಅದಕ್ಕೆ ಮಾಡಿದ ಸಾಲ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಎಂದರೆ ಸಣ್ಣದೆನಿಸುತ್ತದೆ. ಲೆಕ್ಕ ಹಾಕಿ ನೋಡಿ: 1 ಲಕ್ಷಕ್ಕೆ ತಿಂಗಳಿಗೆ 5,000. 20 ತಿಂಗಳಲ್ಲಿ 1 ಲಕ್ಷ ಬಡ್ಡಿ ಕಟ್ಟಿದರೂ ಅಸಲು ಹಾಗೆಯೇ ಇರುತ್ತದೆ. ಆಗ ಮೊದಲು ನಿಲ್ಲುವುದು ಮಗಳ ಕಾಲೇಜು.

ಅದೇ, ಮಗು ಒಂದನೇ ತರಗತಿಗೆ ಸೇರಿದಂದಿನಿಂದ ದಿನಕ್ಕೆ 50 ರೂಪಾಯಿ ಎತ್ತಿಟ್ಟರೆ, ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ, ಅಂದರೆ 10 ವರ್ಷದಲ್ಲಿ, ಬಡ್ಡಿ ಸೇರದೆಯೇ 1,82,500 ಆಗುತ್ತದೆ. ಸಂಬಳ, ಕೂಲಿ ಕೈಗೆ ಬಂದ ದಿನವೇ ಎತ್ತಿಡಬೇಕು. ತಿಂಗಳ ಕೊನೆಗೆ ಏನೂ ಮಿಗುವುದಿಲ್ಲ.

ವಿದ್ಯಾರ್ಥಿಗಳೇ, ಮನೆಯ ಖರ್ಚಿನ ಲೆಕ್ಕವನ್ನು ಇಂದಿನಿಂದ ನೀವೇ ಬರೆಯಿರಿ. ಅಬ್ಬಾ, ಅಮ್ಮಿಗೆ ತಿಂಗಳಿಗೊಮ್ಮೆ ಓದಿ ಹೇಳಿ.